ಗಾಳಿ ಕಂಡ ಪೊಳ್ಳು

ಊರಲ್ಲಿ ಯಾರೂ ಸಾಯದ ದಿನ ಎರಕದಲ್ಲಿ ಪೊಳ್ಳು ಬಂತು. ಎರಕದ ಮನೆಯ ಅಂದಾನಪ್ಪ ಬೆಳಿಗ್ಗೆ ಹೊಯ್ದ ಉಕ್ಕಿನ ಗಟ್ಟಿಯನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು, ಕೋಳಿ ಕದ್ದವನ ಹಾಗೆ ಆಚೀಚೆ ನೋಡುತ್ತ ನನ್ನ ಕಮ್ಮಾರಸಾಲೆಗೆ ಬಂದ. ನಾನು ಆ ಊರಿನ ಕಮ್ಮಾರ. ಹೆಸರು ಮೌನಪ್ಪ, ಹೆಸರಿಟ್ಟವರು ನನ್ನ ಬಾಯಿ ನೋಡಿ ಇಟ್ಟಿರಲಿಲ್ಲ. ಅಂದಾನಪ್ಪ ಹೊಯ್ದದ್ದನ್ನು ಕಾಯಿಸಿ ಬಡಿಯುವುದು ನನ್ನ ಕೆಲಸ. ನನ್ನಪ್ಪನ ಕೆಲಸವೂ ಅದೇ ಆಗಿತ್ತು.

"ಇದನ್ನ ಒಂದೀಟು ತಟ್ಟಿ ನೋಡು," ಎಂದ ಅಂದಾನಪ್ಪ.

ನಾನು ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಒಳಗೆ ತುಂಬಿದ ಉಕ್ಕಾದರೆ ಠಣ್ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತದೆ. ಇದು ಠಪ್ ಎಂದು ಸುಮ್ಮನಾಯಿತು. ಸುಮ್ಮನಾದ ಮೇಲೆ, ಬಾಯಿ ಮುಚ್ಚಿದ ಗಡಿಗೆಯೊಳಗಿಂದ ಯಾರೋ ಏನೋ ಅಂದರು. ಹೆಣ್ಣುದನಿ ಎಂಬುದಷ್ಟೇ ತಿಳಿಯಿತು, ಮಾತು ತಿಳಿಯಲಿಲ್ಲ.

"ಯಾರದಿದು?"

"ಅದನ್ನ ಕೇಳಾಕ ಬಂದೀನಿ. ಊರಾಗ ಯಾರೂ ಸತ್ತಿಲ್ಲಲ್ಲೋ ಮಾರಾಯಾ."

ನಮ್ಮ ಎರಕದಲ್ಲಿ ಪೊಳ್ಳು ಬರುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಸತ್ತವರ ಮನೆಯವರು ಹೆಣ ಎತ್ತುವ ಮೊದಲು ಅಂದಾನಪ್ಪನಿಗೆ ಹೇಳಿ ಕಳಿಸುತ್ತಾರೆ. ಅವನು ಆಮೇಲಿನ ಮೊದಲ ಅಚ್ಚನ್ನು ಅವರ ಹೆಸರಿಗೆ ಹೊಯ್ದು ಎತ್ತಿಡುತ್ತಾನೆ. ಸತ್ತವರ ಒಂದು ದನಿ ಅದರ ಪೊಳ್ಳಿನಲ್ಲಿ ಉಳಿದಿರುತ್ತದೆ. ಬೇರೆ ಊರುಗಳ ಎರಕದಲ್ಲಿ ಪೊಳ್ಳು ಸುಮ್ಮಸುಮ್ಮನೆ ಬರುತ್ತದಂತೆ. ಪಾಪ, ಯಾರದ್ದೆಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಸುದ್ದಿ ಹಬ್ಬಿತು. ಹೆಣ್ಣುದನಿ ಎಂದ ಮೇಲೆ ಊರಿನ ಮುದುಕಿಯರನ್ನೆಲ್ಲ ಹೋಗಿ ನೋಡಿ ಬಂದರು. ಹಾಸಿಗೆ ಹಿಡಿದು ವರ್ಷಗಳಾಗಿದ್ದ ಮೂಲೆಮನೆ ದ್ಯಾಮವ್ವನ ಮೂಗಿನ ಹತ್ತಿರ ಯಾರೋ ಬೆರಳು ಹಿಡಿದರಂತೆ. "ನಾ ಸತ್ರ ಮೊದಲ ನನಗ ಗೊತ್ತಾಗತೈತಿ, ನಿಮಗಲ್ಲ. ಹೋಗ್ರಿ ಅತ್ಲಾಗ," ಎಂದು ಆಕೆ ಬೆರಳು ಕಚ್ಚಲು ಹೋದಳಂತೆ. ಊರಿಗೆ ಊರೇ ನಕ್ಕಿತು. ನನ್ನಕ್ಕ ಕಾಳವ್ವನೂ ಮನೆಗೆಲಸ ಬಿಟ್ಟು ಸಾಲೆಗೆ ಬಂದಳು. ಗಟ್ಟಿಯನ್ನು ತಟ್ಟಿ, ಕಿವಿ ಇಟ್ಟು ಕೇಳಿ, ತಲೆ ಅಲ್ಲಾಡಿಸಿದಳು.

"ಸಣ್ಣ ವಯಸ್ಸಿನ ದನಿ ಐತಿ. ಯಾವ ಹಡದವ್ವನ ಹೊಟ್ಟಿ ಉರೀತೋ," ಎಂದಳು.

ನನ್ನ ಸಾಲೆಯಿಂದ ಹೊಳೆಯ ದಡ ಕಾಣುತ್ತದೆ. ಮಧ್ಯಾಹ್ನದ ಹರಿಗೋಲು ಆಚೆದಡದಿಂದ ಬಂತು. ಅದರಲ್ಲಿ ಬೇರೆ ಯಾರೂ ಇರಲಿಲ್ಲ. ಅಂಬಿಗರ ಬರಮಪ್ಪ ಒಬ್ಬನೇ, ತಲೆಗೆ ರುಮಾಲಿಲ್ಲದೆ, ಹುಟ್ಟು ಹಾಕುತ್ತ ಬಂದ. ದಡಕ್ಕೆ ಹತ್ತಿದ ಮೇಲೂ ಅವನು ಇಳಿಯಲಿಲ್ಲ. ಗಟ್ಟಿಯ ಮೇಲಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಬರಮಪ್ಪ ಅವಳ ಅಳಿಯ. ಅವಳ ಒಬ್ಬಳೇ ಮಗಳು ನೀಲವ್ವನ ಗಂಡ. ಅವನು ಬಾಯಿ ತೆರೆದು ಏನನ್ನೂ ಹೇಳಬೇಕಾಗಲಿಲ್ಲ.

ನೀಲಿಗೆ ಜ್ವರ ಬಂತಂತೆ, ಇಳಿಯಿತಂತೆ, ಮತ್ತೆ ಬಂತಂತೆ. ಅಷ್ಟೇ. ಆಚೆದಡದಲ್ಲಿ ಎರಕದ ಮನೆಯಿಲ್ಲ, ಸಾಲೆಯಿಲ್ಲ. ಅಲ್ಲಿಯವರು ಸತ್ತರೆ ಸುಮ್ಮನೆ ಹೋಗುತ್ತಾರೆ, ಏನೂ ಉಳಿಯುವುದಿಲ್ಲ. ನೀಲಿ ಅಲ್ಲಿಗೆ ಹೋಗುತ್ತೇನೆಂದು ಹಟ ಹಿಡಿದಾಗ ಅಕ್ಕ ಹೇಳಿದ್ದೂ ಇದನ್ನೇ. "ನಾಳೆ ಸತ್ರ ನಿಂದೊಂದು ದನಿ ಸೈತ ಉಳಿಯೂದಿಲ್ಲ ಅಲ್ಲೆ." ಆದರೆ ಹುಡುಗಿ ಅಲ್ಲಿ ಸತ್ತು ಇಲ್ಲಿಯ ಉಕ್ಕಿಗೆ ಬಂದಿದ್ದಳು. ಬಂದಾಗ ಅವಳನ್ನು ಹಡೆದವಳೇ ಗುರುತಿಸಲಿಲ್ಲ. ಅಕ್ಕ ಮುಂದೆ ಎಷ್ಟೋ ದಿನ ಈ ಒಂದು ಮಾತಿಗೇ ಅತ್ತಳು.

ಅವರಿಬ್ಬರ ಜಗಳ ಹೇಳದೆ ಮುಂದಿನದು ತಿಳಿಯುವುದಿಲ್ಲ. ನೀಲಿ ಅಚ್ಚಿನ ಮಣ್ಣು ಹದ ಮಾಡುವುದರಲ್ಲಿ ಎತ್ತಿದ ಕೈ. ಅವಳು ಕಟ್ಟಿದ ಅಚ್ಚು ಒಡೆದದ್ದನ್ನು ನಾನು ನೋಡಿಲ್ಲ. ಮಣ್ಣು ತರಲು ಹೊಳೆಗೆ ಹೋಗುತ್ತಿದ್ದವಳು ಅಂಬಿಗನನ್ನು ಮೆಚ್ಚಿಕೊಂಡಳು. ಅಕ್ಕನಿಗೆ ಗಂಡನಿಲ್ಲ, ಮಗಳು ಹೊಳೆ ದಾಟಿದರೆ ಮನೆಯಲ್ಲಿ ಯಾರೂ ಇಲ್ಲ. ಅದನ್ನು ಹಾಗೇ ಹೇಳಿದ್ದರೆ ಆಗುತ್ತಿತ್ತು. ನಮ್ಮ ಮನೆತನದವರಿಗೆ ಅಳು ಬಂದರೆ ಬಾಯಿಗೆ ಬೈಗುಳ ಬರುತ್ತದೆ. "ಹೋದ್ರ ಹೋಗು. ಮತ್ತ ಈ ಹೊಸ್ತಿಲ ತುಳೀಬ್ಯಾಡ," ಎಂದು ಅಕ್ಕ ಬಾಗಿಲು ಹಾಕಿ ಅಗಳಿ ಜಡಿದಳು. ಆ ಅಗಳಿ ತೀರಿಹೋದ ಭಾವನ ಹೆಸರಿಗೆ ಬಂದ ಗಟ್ಟಿಯಿಂದ ನಾನೇ ಬಡಿದುಕೊಟ್ಟದ್ದು. ಅಪ್ಪನ ಉಕ್ಕಿನಿಂದಲೇ ಮಗಳಿಗೆ ಬಾಗಿಲು ಹಾಕಿದಂತಾಯಿತು.

ಬಾಗಿಲು ಹಾಕಿದವಳು ಕಿಟಕಿಗೆ ಬಂದು ನಿಂತಿದ್ದಳು. ನೀಲಿ ಗಂಟು ಹೊತ್ತು ನಮ್ಮ ಸಾಲೆಯ ಮುಂದಿನ ಬೇವಿನ ಗಿಡದವರೆಗೆ ಹೋಗಿ, ತಿರುಗಿ ನಿಂತು, ಮನೆಯ ಕಡೆ ಮುಖ ಮಾಡಿ ಏನೋ ಅಂದಳು. ಬಾಯಿ ಆಡಿದ್ದನ್ನು ಅಕ್ಕ ಕಂಡಳು. ಅದೇ ಗಳಿಗೆಗೆ ನನ್ನ ಸಮ್ಮಟಿಗೆ ಅಡಿಗಲ್ಲಿನ ಮೇಲೆ ಬಿತ್ತು. ನಾನು ಕುಲುಮೆಯ ಕಡೆ ಮುಖ ಮಾಡಿದ್ದೆ. ಹುಡುಗಿ ಅಲ್ಲಿ ನಿಂತದ್ದೇ ನನಗೆ ಗೊತ್ತಿಲ್ಲ.

"ಏನಂದ್ಲೋ ಆಕಿ?" ಎಂದು ಅಕ್ಕ ಅಂದೇ ಓಡಿ ಬಂದು ಕೇಳಿದಳು.

"ಯಾರಂದ್ರು? ಏನಂದ್ರು?"

"ನಿನ್ನ ಮಗ್ಗಲದಾಗ ನಿಂತು ಅಂದ್ಲಲ್ಲೋ ಮೌನ್ಯಾ! ನಿನಗ ಕಿವಿ ಇಲ್ಲೇನು?"

ಸಾಲೆಯವನಿಗೆ ಕಿವಿ ಇದ್ದೂ ಇಲ್ಲದ್ದೇ. ಅದನ್ನು ಹೇಳಿದೆ, ಅವಳು ಒಪ್ಪಲಿಲ್ಲ. ಆಮೇಲೆ ಹಬ್ಬಕ್ಕೆ ಹೋಳಿಗೆ ಬಡಿಸುವಾಗಲೂ ಕೇಳಿದಳು, ಹೊಲದ ಹಾದಿಯಲ್ಲಿ ಸಿಕ್ಕಾಗಲೂ ಕೇಳಿದಳು. "ನೆನಪ ಮಾಡ್ಕೊ. ಒಂದಕ್ಷರ ಬಿತ್ತೇನು ಕಿವಿಗೆ?" ಹೊಳೆ ದಾಟಿ ಮಗಳನ್ನೇ ಕೇಳಬಹುದಿತ್ತು. ನಾನು ಹೇಳಿಯೂ ನೋಡಿದೆ. ಬೈದಾಕೆ ತಾನು, ತಾನಾಗಿ ಹೇಗೆ ಹೋಗಲಿ ಎನ್ನುತ್ತಿದ್ದಳು. ಬೈಸಿಕೊಂಡವಳು ತಾನಾಗಿ ಹೇಗೆ ಬಂದಾಳು? ಹೊಳೆ ನಡುವೆ ಹರಿಯುತ್ತಲೇ ಇತ್ತು.

ನಮ್ಮಲ್ಲಿ ಗಟ್ಟಿ ಮುಂದಿನ ಯುಗಾದಿಯವರೆಗೆ ಸತ್ತವರ ಮನೆಯಲ್ಲಿರುತ್ತದೆ. ಮನೆಯವರು ತಟ್ಟುತ್ತಾರೆ, ಕೇಳುತ್ತಾರೆ. ಒಳಗೆ ಏನು ಉಳಿಯಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಒಬ್ಬರದು ಸೀನು, ಒಬ್ಬರದು ಎಮ್ಮೆ ಕರೆಯುವ ಲೊಚಲೊಚ ಸದ್ದು. ಯುಗಾದಿಯೊಳಗೆ ಗಟ್ಟಿ ಸಾಲೆಗೆ ಬರಬೇಕು. ಪೊಳ್ಳು ಮುಚ್ಚುವುದು ಸಿಟ್ಟಿನ ಕೆಲಸವಲ್ಲ. ಪಟಪಟ ಬಡಿದರೆ ಮೈ ಚಪ್ಪಟೆಯಾಗುತ್ತದೆ, ಒಳಗಿನದು ಒಳಗೇ ಇರುತ್ತದೆ. ತಿರುಳು ಮೈಯಷ್ಟೇ ಕೆಂಪಗೆ ಕಾಯುವವರೆಗೆ ತಿದಿ ಒತ್ತಬೇಕು. ಆಮೇಲೆ ಪೆಟ್ಟು ನಿಧಾನ, ಭಾರ, ಅಡಿಗಲ್ಲಿನವರೆಗೆ ಇಳಿಯುವಂತೆ. ತಿರುವಿ ಹಾಕಬೇಕು, ಮತ್ತೆ ಕಾಯಿಸಬೇಕು, ಪೊಳ್ಳಿನ ಗೋಡೆಗಳು ಒಂದಕ್ಕೊಂದು ತಾಗಿ ಕೂಡಿಕೊಳ್ಳುವ ತನಕ. ಕೂಡಿಕೊಳ್ಳುವ ಕೊನೆಯ ಪೆಟ್ಟಿಗೆ ಒಳಗಿನ ದನಿ ಒಮ್ಮೆ, ಒಂದೇ ಒಮ್ಮೆ, ಎದುರಿಗೆ ನಿಂತು ಅಂದಷ್ಟು ಸ್ಪಷ್ಟವಾಗಿ ಹೊರಬೀಳುತ್ತದೆ. ಅದನ್ನು ಕೇಳಲು ಊರು ಸೇರುತ್ತದೆ. ನನ್ನಪ್ಪನ ಗಟ್ಟಿಯಲ್ಲಿದ್ದದ್ದು ಬೈಯುವ ಮುಂಚೆ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸದ್ದು. ಅದು ಸಾಲೆಯ ತುಂಬ ಕೇಳಿದಾಗ ದೊಡ್ಡ ದೊಡ್ಡ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಆಮೇಲೆ ಆ ಉಕ್ಕಿನಿಂದ ಮನೆಗೆ ಬೇಕಾದ ಸಾಮಾನು ಮಾಡಿಕೊಡುತ್ತೇವೆ. ಅಪ್ಪನದು ಇಕ್ಕಳವಾಗಿ ಇವತ್ತಿಗೂ ನನ್ನ ಕೈಯಲ್ಲಿದೆ.

ಅಕ್ಕ ನೀಲಿಯ ಗಟ್ಟಿಯನ್ನು ಮಗಳು ಕೂಸಾಗಿದ್ದಾಗಿನ ಕುಂಚಿಗೆಯಲ್ಲಿ ಸುತ್ತಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಳು. ಸೌಟಿನ ಹಿಡಿಯಿಂದ ತಟ್ಟಿ ತಟ್ಟಿ ಕೇಳುತ್ತಿದ್ದಳು. ಗಡಿಗೆಯೊಳಗಿನ ಅದೇ ಗೊಣಗು. ಬೇವಿನ ಗಿಡದ ಕೆಳಗೆ ಅಂದ ಮಾತೇ ಇದು ಎಂದು ಅವಳಿಗೆ ಖಾತ್ರಿಯಾಗಿತ್ತು. ಯುಗಾದಿ ಹತ್ತಿರ ಬಂದಂತೆ ಅವಳ ಮುಖ ಕಪ್ಪಿಟ್ಟಿತು.

"ತಮ್ಮಾ, ನಾವಿಬ್ಬರ ಮುಚ್ಚಿದ್ರ ನಡಿಯೂದಿಲ್ಲೇನು? ಮಂದಿ ಯಾಕ?"

"ನಾಕ ಮಂದಿ ಇಲ್ಲದ ಹೆಣಾನೂ ಏಳೂದಿಲ್ಲ, ಗಟ್ಟೀನೂ ಮುಚ್ಚೂದಿಲ್ಲ. ಸಮ್ಮಟಿಗಿ ನಾ ಒಬ್ಬನ ಎತ್ತಲೇನು?"

"ಊರ ಮುಂದ ಆಕಿ ನನಗ ಶಾಪ ಹಾಕಿದ್ರ?"

ನಾನು ನಗಿಸಲು ನೋಡಿದೆ. "ಶಾಪ ಎಲ್ಲಿಂದ ಹಾಕ್ತಾಳ? ನಿನ್ನ ಹೊಟ್ಟ್ಯಾಗ ಹುಟ್ಟೀದಾಕಿ, ಬೈದಿರಬೇಕಷ್ಟ."

ಅಕ್ಕ ನಗಲಿಲ್ಲ. "ಬೈಲಿ. ನನಗೊಬ್ಬಾಕಿಗೇ ಬೈಲಿ. ಮೊದಲ ನಾ ಕೇಳಬೇಕು ಅದನ್ನ," ಎಂದಳು. ನಾನದಕ್ಕೆ ಕಿವಿಗೊಡದೆ ಎದ್ದು ಬಂದೆ.

ಗಟ್ಟಿ ತರಲು ಹೋದ ದಿನ ಅವಳು ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಮೊರದಲ್ಲಿ ಉಕ್ಕಿನ ಸಣ್ಣ ಪುಡಿ, ಪಕ್ಕದಲ್ಲಿ ಬಡಿಗೇರ ಓಣಿಯಿಂದ ಇಸಕೊಂಡು ಬಂದ ಬೈರಿಗೆ. ಮಡಿಲಲ್ಲಿದ್ದ ಗಟ್ಟಿಗೆ ಕಡಲೆಕಾಳು ಹೋಗುವಷ್ಟು ತೂತು ಬಿದ್ದಿತ್ತು. ಕಮ್ಮಾರನ ಮಗಳು, ಉಕ್ಕು ಕೊರೆಯುವ ಮೊನೆಗೆ ಹದ ಕೊಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಯಕ್ಕಾ, ಏನ ಮಾಡಿದಿ ಇದು?"

"ಕೇಳೂನಂತ ಮಾಡಿದೆ."

"ಕೇಳಿದೇನು?"

ಅವಳು ಮೊರದ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದಳು. "ಓಣ್ಯಾಗ ಯಾರಿಗೂ ಗೊತ್ತಾಗಬಾರದಂತ ನಿನ್ನ ಸಮ್ಮಟಿಗಿ ಸಪ್ಪಳ ನಡದಾಗನ ಕೊರೀತಿದ್ದೆ. ತೂತು ಬಿದ್ದಾಗ ಅದು ಬಡೀತಿತ್ತು. ಗಲ್ಲಕ್ಕ ಒಂದೀಟು ಗಾಳಿ ತಾಗಿದಂಗಾತು. ಏನರ ಅಂದ್ಲೋ, ಏನೂ ಅನ್ಲಿಲ್ಲೋ. ನನಗ ಕೇಳಲಿಲ್ಲ ತಮ್ಮಾ. ಮತ್ತ ಕೇಳಲಿಲ್ಲ."

ನಾನು ಗಟ್ಟಿಯನ್ನು ಕಸಿದುಕೊಂಡು ತಟ್ಟಿದೆ. ಠಪ್. ಮತ್ತೆ ಏನೂ ಇಲ್ಲ. ಆಗ ನಾನು ಬೈದದ್ದನ್ನು ಇಲ್ಲಿ ಹೇಳಲಾರೆ. ಅಳು ಬಂದರೆ ಬೈಗುಳ, ನಮ್ಮ ಮನೆತನದ ರೋಗ ಎಂದೆನಲ್ಲ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಮಾಡಿದ್ದೇನೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದನಿ ಹೋದದ್ದು ಒಂದು. ಗಾಳಿ ಕಾಣದ ಪೊಳ್ಳು ಮಾತ್ರ ಕೂಡಿಕೊಳ್ಳುತ್ತದೆ, ಅದು ಇನ್ನೊಂದು. ಒಳಗಿನ ಗೋಡೆ ಹುಟ್ಟಿದಾಗಿನ ಹೊಳಪಿನಲ್ಲೇ ಇರಬೇಕು. ಒಮ್ಮೆ ಗಾಳಿ ಹೊಕ್ಕಿತೋ, ಕಾಯಿಸಿದಾಗ ಗೋಡೆಗೆ ಕಿಟ್ಟ ಹಿಡಿಯುತ್ತದೆ. ಎಷ್ಟು ಬಡಿದರೂ ಗೋಡೆಗಳು ಮೈಗೆ ಮೈ ಹಚ್ಚಿ ಮಲಗುತ್ತವೆಯೇ ಹೊರತು ಒಂದಾಗುವುದಿಲ್ಲ. ಅಂಥ ಉಕ್ಕು ಮನೆಯೊಳಗೆ ಹೋಗುವ ಹಾಗಿಲ್ಲ. ಊರ ಹೊರಗೆ ಕಿಟ್ಟದ ದಿಬ್ಬವಿದೆ, ಅಲ್ಲಿ ಬಿಸಾಡಬೇಕು. ಹಾಗೆ ಬಿದ್ದವು ಕೆಲವಿವೆ. ಗಾಳಿ ಬೀಸಿದಾಗ ತೂತುಗಳಲ್ಲಿ ಕೊಳಲಿನಂತೆ ಊದುತ್ತವೆ. ಅದು ಯಾರ ದನಿಯೂ ಅಲ್ಲ, ಬರೀ ಗಾಳಿ. ಆದರೂ ಆ ಕಡೆ ಹೊಲವಿದ್ದವರು ಗಾಳಿ ದಿನ ಕೆಲಸಕ್ಕೆ ಹೋಗುವುದಿಲ್ಲ.

"ಮಗಳನ್ನ ಒಮ್ಮೆ ಹೊರಗ ಹಾಕೀನಿ. ಮತ್ತೊಮ್ಮೆ ಹಾಕಂತೀಯೇನು?" ಎಂದಳು ಅಕ್ಕ.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಬರಮಪ್ಪ. ಗಟ್ಟಿ ಮುಚ್ಚುವ ದಿನ ಗೊತ್ತಾಗಿ ಹೊಳೆ ದಾಟಿ ಬಂದಿದ್ದ. ಅವನು ಈ ಮನೆಗೆ ಬಂದದ್ದು ಅದೇ ಮೊದಲು. ಹೊಸ್ತಿಲಾಚೆಯೇ ನಿಂತ. ತೂತು ನೋಡಿದ, ಬೈರಿಗೆ ನೋಡಿದ, ಅವನಿಗೂ ತಿಳಿಯಿತು. ಸಿಟ್ಟು ಮಾಡಬೇಕಾದವನು ಅವನು. ಮಾಡಲಿಲ್ಲ.

"ಬರಮಪ್ಪಾ," ಎಂದಳು ಅಕ್ಕ. ಅವನ ಹೆಸರು ಅವಳ ಬಾಯಲ್ಲಿ ಬಂದದ್ದೂ ಮೊದಲು. "ಆಕಿ ಹೋಗೂ ದಿನ ಆ ಗಿಡದ ಬುಡಕ ನಿಂತು ಏನೋ ಅಂದ್ಲು. ನಿನ್ನ ಮುಂದ ಹೇಳಿದ್ಲೇನು, ಏನಂದ್ನಿ ಅಂತ?"

"ಇಲ್ಲರೀ ಅತ್ತಿ. ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ."

"ನನ್ನ ಬೈತಿದ್ಲೇನು?"

ಬರಮಪ್ಪ ಅಂಗೈ ನೋಡಿಕೊಂಡ. ಹುಟ್ಟು ಹಿಡಿದು ದಡ್ಡುಗಟ್ಟಿದ ಅಂಗೈ. "ಸಂಜೀಕ ಹೊಳಿ ದಂಡಿಗೆ ಬಂದು ಕೂಡತಿದ್ಲು. ನಿಮ್ಮೂರ ಸಮ್ಮಟಿಗಿ ಸಪ್ಪಳ ನೀರ ಮ್ಯಾಲೆ ಬರತೈತಲ್ರಿ, ಅದನ್ನ ಕೇಳತಿದ್ಲು. ಇದು ನಮ್ಮ ಮಾವನ ಪೆಟ್ಟು, ಇದು ಬ್ಯಾರೇದವರದು ಅಂತ ಗುರ್ತು ಹಿಡೀತಿದ್ಲು." ಸ್ವಲ್ಪ ತಡೆದು, "ಒಮ್ಮೊಮ್ಮೆ ನನ್ನ ಹರಗೋಲ ಹತ್ತತಿದ್ಲು, ಊರಿಗೆ ನಡಿ ಅಂತಿದ್ಲು. ನಡು ಹೊಳಿಗೆ ಬಂದ ಮ್ಯಾಲೆ ತಿರುಗಸು ಅಂತಿದ್ಲು. ಯಾಕಂದ್ರ, ಅವ್ವ ಹೊಸ್ತಿಲ ತುಳೀಬ್ಯಾಡ ಅಂದಾಳ, ಅಂತಿದ್ಲು. ಹಂಗ ಎಷ್ಟೋ ಸಲ ಆತ್ರಿ," ಎಂದ.

ಅಕ್ಕ ಅಳಲಿಲ್ಲ. ಎದ್ದು ಹೋಗಿ ಬಾಗಿಲ ಅಗಳಿಯನ್ನು ಹಿಡಿದುಕೊಂಡು ನಿಂತಳು. ದಿನವೂ ನಾನು ಬಡಿದದ್ದನ್ನು ಆಚೆದಡದಲ್ಲಿ ಒಂದು ಜೀವ ಕೂತು ಕೇಳುತ್ತಿತ್ತು ಎಂದರೆ, ಒಂದು ಪೆಟ್ಟು ಕಡಿಮೆ ಬಡಿದಿದ್ದರೂ ಅವಳಿಗೆ ಮೋಸವಾಗುತ್ತಿತ್ತಲ್ಲ ಎನಿಸಿತು. ಬೇವಿನ ಗಿಡದ ಕೆಳಗೆ ಅವಳು ನಿಂತಾಗಿನ ಆ ಒಂದು ಪೆಟ್ಟನ್ನು ಬಿಟ್ಟು.

"ದಿಬ್ಬಕ್ಕ ಹಾಕಬ್ಯಾಡ್ರಿ ಮಾವಾ," ಎಂದ ಬರಮಪ್ಪ ನನಗೆ. "ನನಗರ ಕೊಡ್ರಿ, ಒಯ್ತೀನಿ."

"ಒಯ್ದು ಏನ ಮಾಡತಿ? ಹೊಳಿ ದಾಟಿದ್ರ ಇದು ಬರೇ ಉಕ್ಕು," ಎಂದೆ. ಅಂದವನು ಗಟ್ಟಿಯನ್ನು ಬಗಲಲ್ಲಿಟ್ಟುಕೊಂಡು ಅಂದಾನಪ್ಪನಲ್ಲಿಗೆ ಹೊರಟೆ.

ಅಂದಾನಪ್ಪ ತೂತಿಗೆ ಕಣ್ಣು ಹಚ್ಚಿ ಬಿಸಿಲಿಗೆ ಹಿಡಿದು ನೋಡಿದ. "ಒಳಗ ಸಬ್ಬಸಿಗಿ ಎಲೀಹಂಗ ಉಕ್ಕು ಬೆಳದೈತಲೇ. ಎಷ್ಟ ಚಂದ ಐತಿ," ಎಂದ. ಪೊಳ್ಳಿನೊಳಗೆ ಹಾಗೆಯೇ, ಯಾರಾದರೂ ನೋಡಲೆಂದಲ್ಲದೆ, ಉಕ್ಕು ಎಸಳೆಸಳಾಗಿ ಬೆಳೆದಿರುತ್ತದೆ. ನಾನೂ ನೋಡಿದೆ. ಬಾಯಿಯ ಹತ್ತಿರ ಮಾತ್ರ ತುಕ್ಕಿನ ಕೆಂಪು ಇಳಿದಿತ್ತು. ಹೊಸ ತೂತು, ಇನ್ನೂ ಬೆಂಕಿ ಕಂಡಿರಲಿಲ್ಲ. ಹುಣಸೆಹುಳಿ ಹಾಕಿ ತೊಳೆದು, ಒಣಗಿಸಿ, ಕಿಟ್ಟ ಕರಗಿಸುವ ಬಿಳಿಗಾರದ ಪುಡಿ ಉದುರಿಸಿ, ಅದೇ ಉಕ್ಕಿನ ಬಿರಟೆ ಜಡಿದು ಮುಚ್ಚಿದರೆ, ಆಮೇಲೆ ಗಾಳಿ ಹೋಗದ ಹಾಗೆ ನಿಧಾನವಾಗಿ ಕಾಯಿಸಿದರೆ, ಕೂಡಿದರೂ ಕೂಡೀತು. ಹಿಂದೆ ಯಾರೂ ಮಾಡಿರಲಿಲ್ಲ. ಹಿಂದೆ ಯಾರೂ ಗಟ್ಟಿಗೆ ತೂತನ್ನೂ ಕೊರೆದಿರಲಿಲ್ಲ, ದಿಬ್ಬದ ಮೇಲಿನವು ಎರಕದಲ್ಲೇ ಬಾಯಿ ಬಿಟ್ಟವು. ಊರ ಹಿರಿಯರು ಮುಖ ತಿರುಗಿಸಿದರು. ದನಿಯಿಲ್ಲದ ಗಟ್ಟಿ ಮುಚ್ಚಲು ಊರು ಯಾಕೆ ಸೇರಬೇಕು ಎಂದರು. ಅಂದಾನಪ್ಪ ಅವರಿಗೆ ಹೇಳಿದ, "ಬರ್ರಿ, ಬಿಡ್ರಿ. ಮುಚ್ಚಿದ್ರ ಹುಡುಗಿ ಮನಿ ಸೇರತಾಳ. ಇಲ್ಲಂದ್ರ ದಿಬ್ಬದ ಮ್ಯಾಲೆ ಊದಕೋಂತ ಕೂಡತಾಳ, ಆವಾಗ ನೀವ ಕೇಳ್ರಿ."

ಬಂದರು. ಬೈಯುತ್ತಲೇ ಬಂದರು. ಸಮ್ಮಟಿಗೆ ಎತ್ತಲು ಆಳು ಸಾಲದಾಗ ಬರಮಪ್ಪ ಅಂಗಿ ತೆಗೆದು ನಿಂತ. ಗಟ್ಟಿ ತೊಳೆದು ಒಣಗಿಸಿ ಆಗಿತ್ತು. ಬಿರಟೆ ಕೈಯಲ್ಲಿ ಹಿಡಿದಿದ್ದೆ. ಆಗ ಅಕ್ಕ ಬಂದು ಕೈ ಚಾಚಿದಳು.

"ಒಂದೀಟ ಕೊಡು."

"ಜಲ್ದಿ ಕೊಡಬೇಕು ಮತ್ತ. ಗಾಳಿ ಆಡಬಾರದು."

ಅವಳು ಗಟ್ಟಿ ತೆಗೆದುಕೊಂಡು ನಮಗೆಲ್ಲ ಬೆನ್ನು ಮಾಡಿ ನಿಂತಳು. ಊದುಗೊಳವೆ ಹಿಡಿದಂತೆ ತುಟಿ ತೂತಿಗೆ ಹಚ್ಚಿದ್ದು ಕಂಡಿತು. ಒಳಗೆ ಹುಣಸೆಹುಳಿಯ ಪಸೆ ಉಳಿದಿದ್ದರೆ ಊದಿ ತೆಗೆಯುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಬೆರಳು ತೆಗೆಯದೆ ತಂದುಕೊಟ್ಟಳು. ಅವಳ ಹೆಬ್ಬೆರಳು ಸರಿಸಿದ ಜಾಗಕ್ಕೇ ನಾನು ಬಿಳಿಗಾರ ಮೆತ್ತಿದ ಬಿರಟೆ ಇಟ್ಟು ಜಡಿದೆ.

"ಏನ ಮಾಡಿಕೊಡ್ಲಿ ಇದರಾಗ?" ಎಂದೆ. ಕೇಳುವುದು ಪದ್ಧತಿ.

"ಅಗಳಿ ಒಂದ ಬ್ಯಾಡ. ಬಾಗಲಕ್ಕ ಹೊರಗಿನಿಂದ ಬಡಿಯೂ ಬಳಿ ಮಾಡು. ಬಂದವರು ಬಡೀಲಿ."

ತಿದಿ ಒತ್ತಿದೆವು. ಇದ್ದಿಲು ಉರಿದು ಮುಗಿದು ಮತ್ತೆ ಹಾಕಿದೆವು. ಅವಸರ ಮಾಡಲಿಲ್ಲ. ಮೈ ಕೆಂಪಾಗಿ ಕಿತ್ತಳೆಯಾದ ಮೇಲೂ ತಿರುಳಿಗೆಂದು ಕಾದೆವು. ಅಪ್ಪನ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟೆ. ಮೊದಲ ಪೆಟ್ಟು ಬರಮಪ್ಪನದು. ನೀರಿನವನಿಗೆ ಬೆಂಕಿಯ ಅಳತೆ ಗೊತ್ತಿಲ್ಲ, ಪೆಟ್ಟು ಓರೆ ಬಿತ್ತು. ಎರಡನೆಯದು ನೆಟ್ಟಗೆ ಬಿತ್ತು. ಕಾಯಿಸಿ, ಬಡಿದು, ತಿರುವಿ, ಮತ್ತೆ ಕಾಯಿಸಿದೆವು. ಹೊತ್ತು ಇಳಿಯುತ್ತಿತ್ತು. ಬಿರಟೆ ಜಡಿದ ಜಾಗ ಬಿಟ್ಟುಕೊಂಡರೆ ಕಥೆ ಮುಗಿದಂತೆ. ಬಿಟ್ಟುಕೊಳ್ಳಲಿಲ್ಲ. ಇಕ್ಕಳದ ತುದಿಯಲ್ಲಿ ಕೈಗೆ ಒಂದು ತೇಲಾಟ ಗೊತ್ತಾಗುತ್ತಿರುತ್ತದೆ, ಒಳಗಿನ್ನೂ ಜಾಗವಿದೆ ಎಂದು. ಅದು ಸಣ್ಣದಾಗುತ್ತ ಬಂತು. ಒಂದು ಸುತ್ತು ಬಾಕಿ, ಒಂದು ಪೆಟ್ಟು ಬಾಕಿ ಎಂದು ಕೈ ಹೇಳಿತು.

ನಾನು ತಲೆ ಎತ್ತಿದೆ. ಕೇಳಲು ಏನೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ರೂಢಿ ಬಿಡುವುದಿಲ್ಲ. ತಿದಿಯವ ಕೈ ತೆಗೆದ. ಮಾತಾಡುತ್ತಿದ್ದವರು ನಿಲ್ಲಿಸಿದರು. ಕೊನೆಯ ಪೆಟ್ಟನ್ನು ನಾನೇ ಹಾಕಿದೆ, ಆಚೆದಡಕ್ಕೆ ಕೇಳುವ ಹಾಗೆ ಹಾಕಿದೆ.

ಆ ಪೆಟ್ಟಿನ ಸದ್ದು ಗೋಡೆಗೆ ಬಡಿದು ಸತ್ತ ಮೇಲೆ ಒಂದು ದನಿ ಎದ್ದಿತು. ಹೆಣ್ಣುದನಿ. ನೀಲಿಯದಲ್ಲ. ವಯಸ್ಸಾದ, ಒಡೆದ ದನಿ, ಊರಿಗೆಲ್ಲ ಗುರುತಿದ್ದದ್ದು. ಅದು ನನ್ನಕ್ಕನದು.

"ಬಾರವ್ವಾ. ಒಳಗ ಬಾ."

ಬೈಯುತ್ತ ಬಂದಿದ್ದ ಹಿರಿಯರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಬರಮಪ್ಪ ಸಮ್ಮಟಿಗೆ ಕೆಳಗಿಟ್ಟು, ತೆಗೆದಿಟ್ಟ ಅಂಗಿಯಿಂದ ಮುಖ ಒರೆಸಿಕೊಂಡ. ನಾನು ಗಟ್ಟಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಠಣ್ ಎಂದಿತು. ಎಲ್ಲೂ ಪೊಳ್ಳಿರಲಿಲ್ಲ.

ಅಕ್ಕ ಬೇವಿನ ಗಿಡದ ಕೆಳಗೆ, ಮಗಳು ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು.

"ಕೇಳಿಸ್ತೇನು?"

"ಕೇಳಿಸ್ತು ಯಕ್ಕಾ," ಎಂದೆ. "ಎಲ್ಲಾರಿಗೂ ಕೇಳಿಸ್ತು."

"ಊರಿಗಲ್ಲೋ ಮೌನ್ಯಾ. ಆಕಿಗೆ ಕೇಳಿಸ್ತೇನು?"

ಉಕ್ಕನ್ನು ಬೂದಿಯಲ್ಲಿ ಆರಲು ಇಟ್ಟು, ಅಪ್ಪನ ಇಕ್ಕಳವನ್ನು ಕಲ್ಲುದೋಣಿಯ ನೀರಿಗೆ ಅದ್ದಿದೆ.